ಸೊಂಟ ನೋವಿಗೆ ಹೆಸರಿಲ್ಲದ ಪುಡಿ, ಗುಳಿಗೆ ತಗೊಳ್ತಿದ್ದೀರಾ? ಮೊದಲು ಇದನ್ನು ಓದಿ

ನನ್ನದು ದಾವಣಗೆರೆಯಲ್ಲಿ ಸಣ್ಣ ಜೆರಾಕ್ಸ್ ಅಂಗಡಿ. ಬೆಳಿಗ್ಗೆ ಒಂಬತ್ತಕ್ಕೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರೆ ಏಳುವುದು ರಾತ್ರಿ ಎಂಟಕ್ಕೇ. ಹೋದ ವರ್ಷ ಬೇಸಿಗೆಯಲ್ಲಿ 20 ಲೀಟರಿನ ನೀರಿನ ಕ್ಯಾನ್ ಬಗ್ಗಿ ಎತ್ತಿ, ಹಾಗೇ ತಿರುಗಿ ಸ್ಟ್ಯಾಂಡ್ ಮೇಲೆ ಇಡಲು ಹೋದೆ. ಸೊಂಟ ಹಿಡಿದುಕೊಂಡಿತು. ಕೌಂಟರ್ ಹಿಡಿದು ನಿಂತವನಿಗೆ ಹತ್ತು ನಿಮಿಷ ಅಲುಗಾಡಲೂ ಆಗಲಿಲ್ಲ.

ಡಾಕ್ಟರ್ ನೋಡಿ ಐದು ದಿನಕ್ಕೆ ಮಾತ್ರೆ ಕೊಟ್ಟರು. ಮಲಗಿಯೇ ಇರಬೇಡಿ, ಓಡಾಡ್ತಾ ಇರಿ, ಆರು ವಾರ ಹಿಡಿಯುತ್ತೆ ಅಂದರು. ಆರು ವಾರ ಅಂದಿದ್ದೇ ನನಗೆ ಸರಿಬರಲಿಲ್ಲ. ಅಂಗಡಿ ಯಾರು ನೋಡ್ಕೋತಾರೆ? ಅಷ್ಟರಲ್ಲಿ ನಮ್ಮ ಭಾವ ಫೋನ್ ಮಾಡಿದರು. 'ಅಲ್ಲೊಬ್ಬರು ನಾಟಿ ಔಷಧಿ ಕೊಡ್ತಾರೆ ಮಾರಾಯ, ನನ್ನ ಮಂಡಿ ನೋವು ಮೂರೇ ದಿನಕ್ಕೆ ಹೋಯ್ತು.'

ಬಸ್ಸಿನಲ್ಲಿ ಎರಡು ಗಂಟೆ ದಾರಿ. ಮನೆ ಮುಂದೆ ಟೋಕನ್, ಕ್ಯೂ. ಆ ಮನುಷ್ಯ ನಾಡಿ ಹಿಡಿದ, ನೋವು ಎಲ್ಲಿ ಅಂತಲೂ ಕೇಳಲಿಲ್ಲ. ಪೇಪರಿನಲ್ಲಿ ಮಡಚಿದ ಕಂದು ಪುಡಿಯ ಪೊಟ್ಟಣಗಳು, ಜೊತೆಗೆ ಪ್ಲಾಸ್ಟಿಕ್ ಕವರಿನಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡ ಬಿಳಿ ಗುಳಿಗೆ. ಹೆಸರಿಲ್ಲ, ಚೀಟಿಯಿಲ್ಲ. ಬರೀ ಬೇರು, ಸೈಡ್ ಎಫೆಕ್ಟ್ ಇಲ್ಲ ಅಂದ. ಹದಿನೈದು ದಿನಕ್ಕೆ 1,200 ರೂಪಾಯಿ.

ಮೂರನೇ ದಿನ ನೋವು ಮಾಯ! ಖುಷಿಗೆ ನಾಲ್ಕೈದು ಗಿರಾಕಿಗಳಿಗೂ ಆ ಅಡ್ರೆಸ್ ಬರೆದುಕೊಟ್ಟೆ. ಅದನ್ನು ನೆನೆಸಿಕೊಂಡರೆ ಈಗಲೂ ಮುಖ ಮುಚ್ಚಿಕೊಳ್ಳಬೇಕು ಅನ್ನಿಸುತ್ತೆ.

ಐದು ತಿಂಗಳು ತಿಂದೆ. ಹಸಿವು ಜಾಸ್ತಿಯಾಯಿತು, ಮುಖ ಗುಂಡಗಾಯಿತು. ಅಂಗಡಿಗೆ ಬಂದವರು 'ಏನ್ರೀ, ಕಳೆ ಬಂದಿದೆ' ಅನ್ನೋರು. ರಾತ್ರಿ ನಿದ್ದೆ ಮಾತ್ರ ಇಲ್ಲ. ಒಂದು ದಿನ ಸ್ನಾನ ಮಾಡಿ ಬಂದಾಗ ಹೆಂಡತಿ ಹೊಟ್ಟೆಯ ಪಕ್ಕ ಬೆರಳಿಟ್ಟು ಇದೇನಿದು ಅಂದಳು. ಬಸುರಿಯರಿಗೆ ಬರೋ ಥರದ ಗೆರೆಗಳು, ಆದರೆ ಅಗಲ, ನೇರಳೆ ಬಣ್ಣ. ದಪ್ಪ ಆಗಿದ್ದೀನಲ್ಲ, ಅದಕ್ಕೆ ಅಂತ ಸುಮ್ಮನಾದೆ.

ಆಮೇಲೊಮ್ಮೆ ಪೊಟ್ಟಣ ಖಾಲಿಯಾಯಿತು, ಆ ಮನುಷ್ಯ ಊರಲ್ಲಿರಲಿಲ್ಲ. ಹೇಗೂ ನೋವಿಲ್ಲ ಅಂತ ನಿಲ್ಲಿಸಿದೆ. ನಾಲ್ಕನೇ ದಿನ ವಾಂತಿ, ಕೈಕಾಲಲ್ಲಿ ಜೀವವೇ ಇಲ್ಲ, ಬಚ್ಚಲಲ್ಲಿ ಬಿದ್ದೆ. ಆಸ್ಪತ್ರೆಯಲ್ಲಿ ನೋಡಿದಾಗ ಬಿಪಿಯ ಮೇಲಿನ ಅಂಕಿಯೇ 80ಕ್ಕೆ ಇಳಿದಿತ್ತು. ಡ್ಯೂಟಿ ಡಾಕ್ಟರ್ ಚಿಕ್ಕ ಹುಡುಗಿ. ಮುಖ ನೋಡಿ, ಶರ್ಟ್ ಎತ್ತಿ ಹೊಟ್ಟೆ ನೋಡಿ, 'ಸರ್, ಯಾವುದಾದ್ರೂ ಪುಡಿ ತಿಂತಿದ್ರಾ?' ಅಂತ ನೇರವಾಗಿ ಕೇಳಿದರು. ಕಾರ್ಟಿಸಾಲ್ ಅಂದರೆ ದೇಹ ತಾನೇ ಮಾಡಿಕೊಳ್ಳುವ ಸ್ಟೀರಾಯ್ಡ್ ಹಾರ್ಮೋನ್. ಮುಂದೆ ಮಾಡಿಸಿದ ಟೆಸ್ಟ್‌ನಲ್ಲಿ ಅದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ಅವರು ಹೇಳಿದ್ದು ಇಷ್ಟು. ಇಂಥ ಪುಡಿಗಳಲ್ಲಿ ಡೆಕ್ಸಾಮೆಥಾಸೋನ್‌ನಂಥ ಸ್ಟೀರಾಯ್ಡ್ ಬೆರೆಸುವುದುಂಟು. ಸ್ಟೀರಾಯ್ಡ್ ಕೆಟ್ಟದ್ದು ಅಂತಲ್ಲ, ಕೋವಿಡ್‌ನಲ್ಲಿ ಆಕ್ಸಿಜನ್ ಮೇಲಿದ್ದ ಎಷ್ಟೋ ಜನರ ಜೀವ ಉಳಿಸಿದ್ದು ಇದೇ. ಆದರೆ ನಮ್ಮ ಮೂತ್ರಪಿಂಡಗಳ ಮೇಲೆ ಕೂತಿರುವ ಎರಡು ಸಣ್ಣ ಗ್ರಂಥಿಗಳು ದಿನಾ ಸ್ವಲ್ಪ ಕಾರ್ಟಿಸಾಲ್ ಮಾಡಿಕೊಡುತ್ತವೆ. ಹೊರಗಿಂದ ತಿಂಗಳುಗಟ್ಟಲೆ ಸ್ಟೀರಾಯ್ಡ್ ಬರುತ್ತಿದ್ದರೆ ಅವು ಕೆಲಸ ಬಿಟ್ಟು ಮಲಗಿಬಿಡುತ್ತವೆ. ತಟ್ಟನೆ ಪುಡಿ ನಿಲ್ಲಿಸಿದರೆ ಅದೂ ಇಲ್ಲ, ಇದೂ ಇಲ್ಲ. ಜೀವಕ್ಕೇ ಅಪಾಯ. ಶುಗರ್ ಏರುವುದು, ಮೂಳೆ ಸವೆಯುವುದು ಬೇರೆ.

ಅದಕ್ಕೇ ಹೇಳ್ತಿರೋದು: ಇಂಥದ್ದನ್ನು ವಾರಗಟ್ಟಲೆ ತಿಂತಿದ್ದರೆ ಇದನ್ನು ಓದಿ ಇವತ್ತೇ ಬಿಸಾಡಬೇಡಿ. ಪೊಟ್ಟಣದ ಸಮೇತ ಡಾಕ್ಟರ್ ಹತ್ತಿರ ಹೋಗಿ, ಅವರು ಹೇಳಿದ ಲೆಕ್ಕದಲ್ಲೇ ಕಡಿಮೆ ಮಾಡಿ. ನನಗೆ ಏಳು ತಿಂಗಳು ಹಿಡಿಯಿತು. ಮತ್ತೆ, ಓದಿ ಡಿಗ್ರಿ ಪಡೆದ ಆಯುರ್ವೇದ ವೈದ್ಯರನ್ನು ನಾನು ದೂರುತ್ತಿಲ್ಲ. ಅವರು ಏನು ಕೊಟ್ಟೆ ಅಂತ ಬರೆದುಕೊಡ್ತಾರೆ, ಅಲ್ವಾ?

ಇನ್ನು ಸೊಂಟ. ಪುಡಿ ಬಿಟ್ಟ ಮೇಲೆ ನೋವು ವಾಪಸ್ ಬಂತು, ಕಾರಣ ಹಾಗೇ ಇತ್ತಲ್ಲ. ಎಂಆರ್‌ಐನಲ್ಲಿ ಕೆಳಗಿನ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಒಂದು ಸ್ವಲ್ಪ ಉಬ್ಬಿದೆ ಅಂತ ಬಂದಾಗ ಕಂಗಾಲಾದೆ. ನೋವೇ ಇಲ್ಲದವರಿಗೂ ಹೀಗೆ ಇರುತ್ತೆ, ರಿಪೋರ್ಟ್ ಮಡಚಿಡಿ ಅಂದರು ಫಿಸಿಯೋ ಮೇಡಂ. ಅವರ ಪ್ರಕಾರ ನನ್ನ ಕಾಯಿಲೆ ಕುರ್ಚಿ. ಹನ್ನೊಂದು ಗಂಟೆ ಕೂತು ಪೃಷ್ಠದ, ಬೆನ್ನಿನ ಸ್ನಾಯುಗಳು ಸೋತಿದ್ದವು, ಕ್ಯಾನ್ ಬರೀ ನೆಪ. ಈಗ ಅರ್ಧ ಗಂಟೆಗೊಮ್ಮೆ ಎದ್ದು ನಿಂತೇ ಜೆರಾಕ್ಸ್ ಹಾಕ್ತೀನಿ. ಬೆಳಿಗ್ಗೆ ನಲವತ್ತು ನಿಮಿಷ ನಡಿಗೆ, ಆಮೇಲೆ ಅಂಗಾತ ಮಲಗಿ ಮಂಡಿ ಮಡಚಿ ಸೊಂಟ ಎತ್ತುವ ವ್ಯಾಯಾಮ. ಭಾರ ಎತ್ತುವಾಗ ಮಂಡಿ ಬಗ್ಗಿಸಿ, ಮೈಗೆ ಹತ್ತಿರ ಹಿಡಿದು, ತಿರುಗಬೇಕಾದರೆ ಪಾದ ಸಮೇತ ತಿರುಗೋದು. ಮೂರು ತಿಂಗಳಾದ ಮೇಲೆ ವ್ಯತ್ಯಾಸ ಗೊತ್ತಾಯಿತು.

ಸೊಂಟ ನೋವಿನ ಜೊತೆ ಮೂತ್ರ ಕಟ್ಟಿದರೆ ಅಥವಾ ತಾನಾಗೇ ಹೋದರೆ, ತೊಡೆಸಂದಿಯಲ್ಲಿ ಜೋಮು ಹಿಡಿದರೆ, ಪಾದ ಎತ್ತಲು ಆಗದಿದ್ದರೆ ಮಾತ್ರ ಕಾಯಬೇಡಿ, ಅವತ್ತೇ ದೊಡ್ಡಾಸ್ಪತ್ರೆಗೆ ಹೋಗಿ.

ಅಡ್ರೆಸ್ ಕೊಟ್ಟಿದ್ದ ಗಿರಾಕಿಗಳಲ್ಲಿ ಮೂವರಿಗೆ ಫೋನ್ ಮಾಡಿ ಹೇಳಿದೆ. ಉಳಿದವರ ನಂಬರ್ ನನ್ನ ಹತ್ತಿರ ಇಲ್ಲ. ಭಾವ ಮಾತ್ರ ಇನ್ನೂ ತಿಂತಿದ್ದಾರೆ, ಮೊನ್ನೆ ಮದುವೆಯಲ್ಲಿ ಸಿಕ್ಕಿದ್ದರು, ಮುಖ ನೋಡಿದರೆ ನನ್ನದೇ ಹೋದ ವರ್ಷದ ಫೋಟೋ.