ತುಮಕೂರಿನಲ್ಲಿ ತಾರಾಸೇನೆಗೆ ಭರ್ತಿ: ಕನ್ನಡದ ಈ ಬೋರ್ಡ್ ಗೇಮ್ ಹೇಗಿದೆ?

ನಕ್ಷತ್ರದಿಂದ ನಕ್ಷತ್ರಕ್ಕೆ ಹೋಗೋ ಸೈನ್ಯದ ಆಟ ಇದು, ಆದರೆ ಪೆಟ್ಟಿಗೆಯಲ್ಲಿ ಒಂದು ಬಂದೂಕೂ ಇಲ್ಲ. ರಂಗರೂಟಾಗಿ, ಅಂದರೆ ಹೊಸ ಸಿಪಾಯಿಯಾಗಿ ಸೇರಿದವರು ಕಸಂ ಪರೇಡ್ (ತರಬೇತಿ ಮುಗಿಸಿ ಪ್ರಮಾಣ ಮಾಡೋ ಕವಾಯತು) ಮುಟ್ಟೋವರೆಗೆ ಹದಿನೆಂಟು ತಿಂಗಳಲ್ಲಿ ಏನೇನು ಕಲೀಬೇಕು ಅನ್ನೋದಷ್ಟೇ ಆಟ. ಇಬ್ಬರಿಂದ ಐದು ಜನ ಕೂರಬಹುದು, ಅವರಲ್ಲಿ ಒಬ್ಬರು ಉಸ್ತಾದ್, ಅಂದರೆ ತರಬೇತಿ ಕೊಡೋವರು. ಒಂದು ಆಟಕ್ಕೆ ಎರಡೂವರೆ ಗಂಟೆ ಬೇಕು. ತುಮಕೂರಿನ ಪುಸ್ತಕದಂಗಡಿಯೊಂದರಲ್ಲಿ ಬೆಲೆ 1,450 ರೂಪಾಯಿ. ಮೊದಲೇ ಅಷ್ಟು ದುಡ್ಡು ಹಾಕೋಕೆ ಮನಸ್ಸಿಲ್ಲದಿದ್ದರೆ ಎಸ್.ಎಸ್. ಪುರಂ ಕಡೆಯ ಒಂದು ಗೇಮ್ ರೂಮಲ್ಲಿ ಗಂಟೆಗೆ 60 ರೂಪಾಯಿ ಕೊಟ್ಟು ಆಡಿ ನೋಡಬಹುದು.

ಪೆಟ್ಟಿಗೆಯಲ್ಲಿ ಮಡಚೋ ಬೋರ್ಡು, 96 ಕಾರ್ಡು, 12 ಅಂಟಿಸಿದ ಲಕೋಟೆ, ಆಮ್ಲಜನಕದ ಲೆಕ್ಕಕ್ಕೆ 30 ನೀಲಿ ಮಣಿ, ಎರಡು ಮರಳು ಗಡಿಯಾರ, 64 ಪುಟದ ನಿಯಮದ ಪುಸ್ತಕ ಇವೆ. ಕಾರ್ಡು ನಾಲ್ಕು ಕಟ್ಟು: ದೇಹ, ಕವಚ (ಸ್ಪೇಸ್ ಸೂಟ್), ಪಾಠ, ಆಜ್ಞೆ. ನಾಲ್ಕೂ ಒಂದೇ ಮಟ್ಟದಲ್ಲಿಲ್ಲ. ಪಾಠ ಮತ್ತು ಆಜ್ಞೆ ಬಹಳ ಚೆನ್ನಾಗಿವೆ, ಕವಚ ಚೆನ್ನಾಗಿದೆ, ದೇಹದ ಕಟ್ಟು ಮಾತ್ರ ಅರ್ಧ ಯೋಚನೆ ಮಾಡಿ ಬಿಟ್ಟ ಹಾಗಿದೆ.

ದೇಹದ ಕಟ್ಟಿನ ತಪ್ಪು ಮೊದಲು ನೋಡೋಣ, ಯಾಕಂದರೆ ಮೊದಲ ಸುತ್ತಲ್ಲೇ ಅದು ಎದುರಾಗುತ್ತೆ. ರಂಗರೂಟುಗಳು ಇರೋದು ಚಕ್ರದ ಆಕಾರದ ಬಾಹ್ಯಾಕಾಶ ಹಡಗಲ್ಲಿ, ಅದು ತಿರುಗ್ತಾ ಒಳಗಿದ್ದವರನ್ನು ಅಂಚಿಗೆ ಒತ್ತುತ್ತೆ. ತ್ರಿಜ್ಯ 56 ಮೀಟರ್, ನಿಮಿಷಕ್ಕೆ ನಾಲ್ಕು ಸುತ್ತು. ಲೆಕ್ಕ ಸರಿಯಾಗಿದೆ, ಆ ವೇಗಕ್ಕೆ ಅಂಚಿನ ನೆಲದ ಮೇಲೆ ಭೂಮಿಯಷ್ಟೇ ತೂಕ ಅನುಭವಕ್ಕೆ ಬರುತ್ತೆ. ಓಟದ ಕಾರ್ಡಿನಲ್ಲಿ ಮಾತ್ರ ನಮ್ಮ ಸೇನಾ ಭರ್ತಿ ರ್‍ಯಾಲಿಯ 1.6 ಕಿ.ಮೀ. ಓಟವನ್ನು ಹಾಗೇ ಎತ್ತಿ ಇಟ್ಟಿದ್ದಾರೆ: ಐದೂವರೆ ನಿಮಿಷದೊಳಗೆ ಮುಗಿಸಿದರೆ ಪೂರ್ತಿ ಅಂಕ. ಆ ಹಡಗಿನ ಅಂಚಿನ ಸುತ್ತಳತೆ ಸುಮಾರು 352 ಮೀಟರ್, ಅಂದರೆ ನಾಲ್ಕೂವರೆ ಸುತ್ತು ಓಡಬೇಕು. ಯಾವ ಕಡೆಗೆ ಓಡಬೇಕು ಅಂತ ಕಾರ್ಡು ಹೇಳೋದೇ ಇಲ್ಲ. ಇಡೀ ಪರೀಕ್ಷೆ ನಿಂತಿರೋದೇ ಅದರ ಮೇಲೆ. ಹಡಗು ತಿರುಗೋ ಕಡೆಗೇ ಓಡಿದರೆ ಓಟದ ವೇಗ ಹಡಗಿನ ವೇಗಕ್ಕೆ ಕೂಡಿಕೊಂಡು ಭಾರ ಹೆಚ್ಚುತ್ತೆ, 60 ಕೆ.ಜಿ.ಯವನ ಕಾಲಿಗೆ 87 ಕೆ.ಜಿ. ಹೊತ್ತ ಹಾಗಾಗುತ್ತೆ. ಎದುರು ದಿಕ್ಕಿಗೆ ಓಡಿದರೆ ಅದೇ ಮನುಷ್ಯ 38 ಕೆ.ಜಿ.ಯಷ್ಟು ಹಗುರ. ಒಬ್ಬ ಏದುಸಿರು ಬಿಡ್ತಾ ಓಡಿ, ಇನ್ನೊಬ್ಬ ತೇಲಿಕೊಂಡು ಬಂದು, ಇಬ್ಬರಿಗೂ ಒಂದೇ ಅಂಕ ಸಿಕ್ಕರೆ ಅದು ಪರೀಕ್ಷೆಯಲ್ಲ. ಇದಕ್ಕೆ ಸುಲಭದ ತಿದ್ದುಪಡಿ ಇದೆ. ಓಡೋಕೆ ಮುಂಚೆ ಆಟಗಾರ ದಿಕ್ಕು ಹೇಳಲಿ. ತಿರುಗೋ ಕಡೆಗೆ ಓಡಿದವರಿಗೆ ದಾಳಕ್ಕೆ ಎರಡು ಕೂಡಿಸಿ, ಎದುರು ಓಡಿದವರಿಗೆ ಎರಡು ಕಳೆಯಿರಿ.

ಅದೇ ಕಟ್ಟಿನ ಚೆಂಡಿನ ಕಾರ್ಡು ಮಾತ್ರ ಅಚ್ಚುಕಟ್ಟು. ಆ ಹಡಗಲ್ಲಿ ಒಂದೂವರೆ ಮೀಟರ್ ಎತ್ತರದಿಂದ ಚೆಂಡು ಕೈಬಿಟ್ಟರೆ ಅದು ನೇರ ಕೆಳಗೆ ಬೀಳಲ್ಲ, ತಿರುಗೋ ದಿಕ್ಕಿಗೆ ವಿರುದ್ಧವಾಗಿ ಸುಮಾರು 24 ಸೆಂ.ಮೀ. ಹಿಂದೆ ಬೀಳುತ್ತೆ. ಕೈ ಬಿಟ್ಟ ಮೇಲೆ ಚೆಂಡು ನೇರ ಗೆರೆಯಲ್ಲಿ ಹೋಗುತ್ತೆ, ನೆಲ ಅಷ್ಟರಲ್ಲಿ ಬಾಗಿ ಮುಂದೆ ಸರಿದಿರುತ್ತೆ. ಬೋರ್ಡಿನ ಒಂದು ಚೌಕ ಅಂದರೆ 25 ಸೆಂ.ಮೀ., ಹಾಗಾಗಿ ಎಸೆದದ್ದು ಒಂದು ಮನೆ ಹಿಂದೆ. ಮೂರು ಸಲ ಆಡಿದ ಮೇಲೆ ಕೈ ತಾನಾಗೇ ಒಂದು ಮನೆ ಮುಂದಕ್ಕೆ ಗುರಿ ಇಡೋಕೆ ಶುರು ಮಾಡುತ್ತೆ. ಕಲಿಸೋದು ಅಂದರೆ ಇದು.

ಕವಚದ ಕಟ್ಟಲ್ಲಿ ಕ್ರಮವೇ ಎಲ್ಲ. ತಲೆಕವಚದ ಬಳೆ, ಕೈಗವಸಿನ ಬಳೆ, ಆಮ್ಲಜನಕದ ಮೀಟರಿನ ಮುಳ್ಳು, ಉಸಿರಿನ ಇಂಗಾಲದ ಡೈಆಕ್ಸೈಡ್ ಹೀರೋ ಡಬ್ಬಿ, ರೇಡಿಯೋ, ಕೊನೆಗೆ ಹಗ್ಗದ ಎರಡು ಕೊಕ್ಕೆ. ಪ್ರತಿಯೊಂದನ್ನೂ ಜೊತೆಗಾರ ಮುಟ್ಟಿ ನೋಡಬೇಕು, ತನ್ನದನ್ನು ತಾನೇ ನೋಡಿಕೊಂಡರೆ ಲೆಕ್ಕಕ್ಕಿಲ್ಲ. ಎರಡನೇ ಕೊಕ್ಕೆ ಸಿಕ್ಕಿಸದೆ ಮೊದಲನೇದನ್ನು ಬಿಚ್ಚಿದರೆ ಕಾಯಿ ಬೋರ್ಡಿನಿಂದಲೇ ಹೊರಗೆ.

ಇಲ್ಲಿ ಅತಿ ಚೆನ್ನಾಗಿ ಕೂತಿರೋದು ‘ಆತುರ’ದ ಕಾರ್ಡು. ಕವಚದೊಳಗಿನ ಒತ್ತಡ ಹಡಗಿನ ಒಳಗಿನದರ ಮೂರನೇ ಒಂದು ಭಾಗಕ್ಕಿಂತ ಕಮ್ಮಿ. ಹೊರಗೆ ಹೋಗೋಕೆ ಮುಂಚೆ ಬರೀ ಆಮ್ಲಜನಕ ಉಸಿರಾಡಿ ಮೈಯೊಳಗಿನ ಸಾರಜನಕವನ್ನು ಹೊರಹಾಕಬೇಕು, ಇಲ್ಲದಿದ್ದರೆ ಸೋಡಾ ಬಾಟಲಿಯ ಮುಚ್ಚಳ ತೆಗೆದಾಗ ಆಗೋ ಹಾಗೆ ರಕ್ತದಲ್ಲಿ ಗುಳ್ಳೆ ಏಳುತ್ತೆ. ಈ ಹೆಜ್ಜೆ ಬಿಟ್ಟವರಿಗೆ ಆಟ ತಕ್ಷಣ ಏನೂ ಮಾಡಲ್ಲ. ಎರಡು ಸರದಿ ಬಿಟ್ಟು ಕೀಲು ನೋವಿನ ಕಾರ್ಡು ಬರುತ್ತೆ, ಅಷ್ಟರಲ್ಲಿ ಆತ ಹಡಗಿಂದ ದೂರ ಹೋಗಿರುತ್ತಾನೆ. ನಿಜವಾಗಿ ಆಗೋದೂ ಹಾಗೇ. ತಪ್ಪು ಒಂದು ಕಡೆ, ಪೆಟ್ಟು ಇನ್ನೊಂದು ಕಡೆ ಅನ್ನೋದನ್ನ ಇಷ್ಟು ಸರಳವಾಗಿ ತೋರಿಸೋ ಆಟ ಸಿಗೋದು ಕಷ್ಟ.

ತೂಕವಿಲ್ಲದೆ ತೇಲೋದನ್ನ ಕಲಿಯೋಕೆ ಮಾಡೋ ನೀರಿನ ತೊಟ್ಟಿಯ ಅಭ್ಯಾಸಕ್ಕೆ ನಾಲ್ಕೇ ಕಾರ್ಡು ಕೊಟ್ಟಿರೋದು ಬೇಸರ. ನೀರಲ್ಲಿ ಕೈ ಬೀಸಿದರೆ ಮೈ ಮುಂದೆ ಹೋಗುತ್ತೆ, ನಿರ್ವಾತದಲ್ಲಿ ಹೋಗಲ್ಲ. ತೊಟ್ಟಿಯಲ್ಲಿ ಚೆನ್ನಾಗಿ ಕಲಿತವನೇ ಹೊರಗೆ ಬಂದು ಈಜೋಕೆ ಹೋಗಿ ಒದ್ದಾಡ್ತಾನೆ. ಇದು ಒಂದು ಕಾರ್ಡಿಗಾದರೂ ಸಿಗಬೇಕಿತ್ತು. ಇಳಿಯೋ ಜಾಗ ತಪ್ಪಿದರೆ ಬದುಕೋ ಅಭ್ಯಾಸಕ್ಕೆ ಆರು ಕಾರ್ಡು ಇಟ್ಟಿರೋದು ಒಳ್ಳೆಯದು. ಗಗನಯಾನಕ್ಕೆ ಆಯ್ಕೆಯಾದ ನಮ್ಮ ನಾಲ್ವರು ಪೈಲಟ್‌ಗಳಿಗೂ ರಷ್ಯಾದಲ್ಲಿ 2020ರ ಚಳಿಯಲ್ಲಿ ಹಿಮದ ಕಾಡಲ್ಲಿ ಇದನ್ನೇ ಕಲಿಸಿದ್ದು.

ಪಾಠದ ಕಟ್ಟಿಗೆ ಬಂದರೆ ‘ಮುಂದಿರುವ ಹಡಗನ್ನು ಹಿಡಿ’ ಅನ್ನೋ ಕಾರ್ಡಿನ ಬಗ್ಗೆ ಹೇಳದೆ ಇರೋಕಾಗಲ್ಲ. ಎರಡು ಹಡಗು ಒಂದೇ ಕಕ್ಷೆಯಲ್ಲಿವೆ, ಒಂದು ಮುಂದೆ, ನಿಮ್ಮದು ಹಿಂದೆ. ಹೊಸಬರು ಎಲ್ಲರೂ ಮಾಡೋದು ಒಂದೇ: ಎಂಜಿನ್ ಹಚ್ಚಿ ಮುಂದಕ್ಕೆ ನೂಕೋದು. ಬಿ.ಎಚ್. ರಸ್ತೆಯಲ್ಲಿ ಮುಂದಿನ ಬಸ್ ಹಿಡಿಯೋಕೆ ಆಕ್ಸಿಲರೇಟರ್ ಒತ್ತೋ ಅಭ್ಯಾಸ ಅದು. ಕಕ್ಷೆಯಲ್ಲಿ ಹಾಗೆ ನೂಕಿದರೆ ಹಡಗು ಮೇಲಿನ ದೊಡ್ಡ ಕಕ್ಷೆಗೆ ಏರುತ್ತೆ, ಸುತ್ತೋಕೆ ಹೆಚ್ಚು ಹೊತ್ತು ಹಿಡಿದು ಇನ್ನೂ ಹಿಂದೆ ಬೀಳುತ್ತೆ. ಸರಿಯಾದ ದಾರಿ ಅಂದರೆ ವೇಗ ಕಮ್ಮಿ ಮಾಡೋದು. ಆಗ ಹಡಗು ಕೆಳಗಿನ ಸಣ್ಣ ಕಕ್ಷೆಗೆ ಇಳಿದು, ಬೇಗ ಸುತ್ತಿ, ಮುಂದಿನದರ ಹತ್ತಿರ ಬರುತ್ತೆ. ಹತ್ತಿರ ಬಂದ ಮೇಲೆ ಮತ್ತೆ ನೂಕಿ ಮೇಲೇರಬೇಕು. ಬೋರ್ಡಿನ ಮೇಲೆ ಮೂರು ವರ್ತುಲ ಬರೆದಿದ್ದಾರೆ: ಒಳಗಿನದಕ್ಕೆ 8 ಮನೆ, ನಡುವಿನದಕ್ಕೆ 10, ಹೊರಗಿನದಕ್ಕೆ 12. ಎಲ್ಲರೂ ಸರದಿಗೆ ಒಂದೇ ಮನೆ ಸರಿಯೋದು, ಆದರೂ ಒಳಗಿದ್ದವನು ಬೇಗ ಸುತ್ತು ಮುಗಿಸುತ್ತಾನೆ. ಸೂತ್ರ ಒಂದೂ ಬೇಡ, ಹೈಸ್ಕೂಲ್ ಮಕ್ಕಳಿಗೆ ಕಣ್ಣಿಗೇ ಕಾಣುತ್ತೆ.

ಆಜ್ಞೆಯ ಕಟ್ಟು ಈ ಆಟದ ಜೀವ. ಬೆಳಕಿಗಿಂತ ಬೇಗ ಯಾವ ಸುದ್ದಿಯೂ ಹೋಗಲ್ಲ. ಮಂಗಳದಿಂದ ಭೂಮಿಗೆ ಸುದ್ದಿ ಮುಟ್ಟೋಕೆ ಹತ್ತಿರ ಇದ್ದಾಗ ಸುಮಾರು 3 ನಿಮಿಷ, ದೂರ ಇದ್ದಾಗ 22 ನಿಮಿಷ. ಸೂರ್ಯನನ್ನು ಬಿಟ್ಟರೆ ಅತಿ ಹತ್ತಿರದ ನಕ್ಷತ್ರದಿಂದ 4.24 ವರ್ಷ. ಅಂಥ ಸೈನ್ಯದಲ್ಲಿ ‘ಮೇಲಿಂದ ಆರ್ಡರ್ ಬರಲಿ’ ಅಂತ ಕಾಯೋ ಸೈನಿಕ ಕಾಯ್ತಾ ಕಾಯ್ತಾನೇ ಸಾಯ್ತಾನೆ. ಅದಕ್ಕೇ ಇಲ್ಲಿ ತರಬೇತಿಯ ಗುರಿ ಕಟ್ಟಕಡೆಯ ಸಿಪಾಯಿಗೂ ಸ್ವಂತ ತೀರ್ಮಾನ ಕಲಿಸೋದು. ಆಟ ಅದನ್ನು ಮಾಡಿಸೋ ರೀತಿ ಹೀಗಿದೆ. ಲಕೋಟೆ ಒಡೆದರೆ ಒಂದು ಆಪತ್ತು: ಕವಚ ಸೋರ್ತಾ ಇದೆ, ಐದು ಮಣಿ ಉಳಿದಿದೆ, ನಿಮಿಷಕ್ಕೊಂದು ಮಣಿ ಖರ್ಚು. ಉಸ್ತಾದ್‌ನ ಕೇಳಬೇಕು ಅಂದರೆ ಚೀಟಿ ಬರೆದು ಮೂರು ನಿಮಿಷದ ಮರಳು ಗಡಿಯಾರ ತಿರುಗಿಸಬೇಕು. ಮರಳು ಮುಗಿದ ಮೇಲೇ ಉಸ್ತಾದ್ ಚೀಟಿ ನೋಡೋದು. ಉತ್ತರ ವಾಪಸ್ ಬರೋಕೆ ಇನ್ನೊಂದು ಮೂರು ನಿಮಿಷ. ಒಟ್ಟು ಆರು, ಮಣಿ ಐದು. ಲೆಕ್ಕ ಮಾಡಿದವರು ಚೀಟಿ ಬರೆಯಲ್ಲ, ಕೆಲಸಕ್ಕೆ ಇಳೀತಾರೆ.

ಆಮೇಲೆ ಆತ ತನ್ನ ಕಾರಣವನ್ನು ನಾಲ್ಕು ಸಾಲಲ್ಲಿ ಬರೀಬೇಕು. ಅಂಕ ಸಿಗೋದು ಕಾರಣಕ್ಕೆ, ಬದುಕಿದನೋ ಇಲ್ಲವೋ ಅನ್ನೋದಕ್ಕಲ್ಲ. ಸರಿಯಾಗಿ ಯೋಚಿಸಿ ಸೋತವನಿಗೆ ಅದೃಷ್ಟಕ್ಕೆ ಗೆದ್ದವನಿಗಿಂತ ಹೆಚ್ಚು ಅಂಕ. ಈ ಒಂದು ನಿಯಮಕ್ಕೆ 1,450 ರೂಪಾಯಿ ಕೊಡಬಹುದು.

ತೊಡಕು ಬರೋದೂ ಇಲ್ಲೇ. ಯಾವ ಕಾರಣಕ್ಕೆ ಎಷ್ಟು ಅಂಕ ಅಂತ ಪುಸ್ತಕದಲ್ಲಿ ನಾಲ್ಕೇ ಮಾದರಿ ಇವೆ. ಉಸ್ತಾದ್ ಆದವರಿಗೆ ವಿಷಯ ಗೊತ್ತಿಲ್ಲದಿದ್ದರೆ ಬೇಕಾದವರಿಗೆ ಬೇಕಾದ ಹಾಗೆ ಅಂಕ ಹೋಗಿ, ಟೇಬಲ್ ಮೇಲೆ ಜಗಳ ಶುರುವಾಗುತ್ತೆ. ಲಕೋಟೆ ಕೊಡೋಕೆ ಮುಂಚೆ ಉಸ್ತಾದ್ ತಾನು ನಿರೀಕ್ಷಿಸೋ ಮೂರು ಕಾರಣ ಬರೆದು ಮಡಚಿ ಇಟ್ಟುಬಿಡಲಿ, ಕೊನೆಗೆ ಎಲ್ಲರೆದುರು ಬಿಚ್ಚಲಿ. ಗೇಮ್ ರೂಮಿನವರನ್ನು ಕೇಳಿದರೆ ‘ಅಣ್ಣ, ಮೊದಲ ಸಲ ಫಿಸಿಕ್ಸ್ ಗೊತ್ತಿರೋರನ್ನೇ ಉಸ್ತಾದ್ ಮಾಡಿ’ ಅಂತಾರೆ. ಆ ಮಾತು ಸರಿ.

ಮೂರು ನಿಮಿಷದ ಮರಳು ಗಡಿಯಾರ ನಂಬೋ ಹಾಗಿಲ್ಲ, 2 ನಿಮಿಷ 40 ಸೆಕೆಂಡಿಗೇ ಬರಿದಾಗುತ್ತೆ. ಆಗ ಹೋಗಿ ಬರೋದಕ್ಕೆ 5 ನಿಮಿಷ 20 ಸೆಕೆಂಡ್ ಸಾಕಾಗಿ, ಕಾದು ನೋಡೋಣ ಅನ್ನೋ ಆಸೆ ಹುಟ್ಟುತ್ತೆ. ಮೊಬೈಲ್ ಟೈಮರ್ ಇಟ್ಟುಕೊಳ್ಳಿ. ಕಾರ್ಡಿನ ಕಾಗದ ತೆಳು, ಬೇಸಿಗೆಯಲ್ಲಿ ಫ್ಯಾನ್ ಹಾಕಿದರೆ ಹಾರುತ್ತೆ, ಪ್ಲಾಸ್ಟಿಕ್ ಕವರ್ ಹಾಕಿಸಿಕೊಳ್ಳೋದು ಒಳ್ಳೆಯದು. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತಂದಿದ್ದರೆ ಬೇರೆ ಟೇಬಲ್ ಮೇಲೆ ತಿನ್ನಿ, ಬೆಣ್ಣೆ ಕೈ ತಾಗಿದರೆ ಮಸಿ ಎದ್ದು ಬರುತ್ತೆ. ಭಾಷೆ ಬಹುಪಾಲು ತಿಳಿಯಾಗಿದೆ. ಎಲ್ಲರೂ ಸೆಂಟ್ರಿಫ್ಯೂಜ್ ಅನ್ನೋ, ಜನರನ್ನು ಕೂರಿಸಿ ಜೋರಾಗಿ ತಿರುಗಿಸೋ ಯಂತ್ರವನ್ನ ಪುಸ್ತಕ ‘ಅಪಕೇಂದ್ರಕ ಯಂತ್ರ’ ಅಂತ ಬರೆದಿರೋ ಕಡೆ ಮಾತ್ರ ಓದು ತಡವರಿಸುತ್ತೆ.

ಲಕೋಟೆಗಳು ಹನ್ನೆರಡೇ, ಒಮ್ಮೆ ಒಡೆದರೆ ಗುಟ್ಟು ಹೋಯಿತು. ಒಂದು ಆಟಕ್ಕೆ ಮೂರರಂತೆ ನಾಲ್ಕು ಆಟಕ್ಕೆ ಬರುತ್ತೆ. ಆಮೇಲೆ ಆಪತ್ತುಗಳನ್ನು ಆಟಗಾರರೇ ಬರೀಬೇಕು. ಅದಕ್ಕೆ ಅಂತ ಪುಸ್ತಕದ ಕೊನೆಯ ಆರು ಪುಟ ಖಾಲಿ ಬಿಟ್ಟಿದ್ದಾರೆ.