ಪರದೆಯಿಲ್ಲದ ಸರ್ವರ್‌ನಲ್ಲಿ ಗ್ರಾಫ್ ಚಿತ್ರ: ಆರ್ ಭಾಷೆಯ ರ‍್ಯಾಗ್ ಪ್ಯಾಕೇಜ್

ಅಂಕಿ-ಅಂಶ ವಿಶ್ಲೇಷಣೆಗೆ ಬಳಸುವ ಆರ್ ಭಾಷೆಯಲ್ಲಿ ಬರೆದ ಸ್ಕ್ರಿಪ್ಟ್ ಲ್ಯಾಪ್‌ಟಾಪ್‌ನಲ್ಲಿ ಸಲೀಸಾಗಿ ಓಡುತ್ತದೆ. ಅದನ್ನೇ ಸರ್ವರ್‌ಗೆ ಹಾಕಿದರೆ ಕೆಲವೊಮ್ಮೆ ಪಿಎನ್‌ಜಿ ಡಿವೈಸ್ (ಗ್ರಾಫನ್ನು ಚಿತ್ರದ ಫೈಲಾಗಿ ಬರೆಯುವ ಭಾಗ) ಶುರುವಾಗಲಿಲ್ಲ, ಎಕ್ಸ್11 (ಲಿನಕ್ಸ್‌ನಲ್ಲಿ ಪರದೆಯ ಮೇಲೆ ಚಿತ್ರ ತೋರಿಸುವ ವ್ಯವಸ್ಥೆ) ಸಿಗಲಿಲ್ಲ ಎಂಬ ಎರರ್ ಬಂದು ನಿಲ್ಲುತ್ತದೆ. ಆರ್‌ನ ಪಿಎನ್‌ಜಿ ಫಂಕ್ಷನ್ ಎಕ್ಸ್‌ಲಿಬ್ ವಿಧಾನ ಹಿಡಿದಿದ್ದರೆ ಗ್ರಾಫ್ ಬಿಡಿಸಲು ಅದಕ್ಕೆ ಎಕ್ಸ್11 ನಡೆಸುವ ಎಕ್ಸ್ ಸರ್ವರ್ ಎಂಬ ಪ್ರೋಗ್ರಾಂ ಬೇಕೇ ಬೇಕು. ಎಕ್ಸ್‌ವಿಎಫ್‌ಬಿ ಎಂಬ ಪ್ರೋಗ್ರಾಂ ಹಾಕಿ ಸುಳ್ಳು ಪರದೆ ಸೃಷ್ಟಿಸುವ ಸಲಹೆ ಇಂದಿಗೂ ಹರಿದಾಡುತ್ತಿದೆ. ದಯವಿಟ್ಟು ಅದನ್ನು ಬಿಡಿ, ಒಂದು ಚಿತ್ರಕ್ಕಾಗಿ ಇನ್ನೊಂದು ಪ್ರೋಸೆಸ್ ಸಾಕುವ ಅಗತ್ಯವಿಲ್ಲ.

ಮೊದಲು ನಿಮ್ಮ ಆರ್‌ನಲ್ಲಿ ಏನೇನು ಸೌಲಭ್ಯವಿದೆ ಎಂದು ತೋರಿಸುವ ಕೇಪಬಿಲಿಟೀಸ್ ಫಂಕ್ಷನ್ ಓಡಿಸಿ. ಕೈರೋ (ಪರದೆಯಿಲ್ಲದೆಯೂ ಚಿತ್ರ ಬಿಡಿಸಬಲ್ಲ ಲೈಬ್ರರಿ) ಎದುರು ಟ್ರೂ ಇದ್ದರೆ ಪಿಎನ್‌ಜಿ ಫಂಕ್ಷನ್‌ಗೆ ಟೈಪ್ ಕೈರೋ ಎಂದು ಕೊಟ್ಟರೆ ಸಾಕು. ಅಪರೂಪಕ್ಕೊಂದು ಚಿತ್ರ ಬೇಕಾದವರು ಮುಂದೆ ಓದದಿದ್ದರೂ ನಡೆಯುತ್ತದೆ.

ದಿನವೂ ಗ್ರಾಫ್ ತಯಾರಿಸುವವರಿಗೆ ರ‍್ಯಾಗ್ ಒಳ್ಳೆಯ ಆಯ್ಕೆ. ಎಜಿಜಿ ಎಂಬ ಸಿ++ ಲೈಬ್ರರಿ ಇದರ ಬೆನ್ನೆಲುಬು. ಎಕ್ಸ್11 ಆಗಲಿ ಕೈರೋ ಆಗಲಿ ಬೇಡ. ಗೆರೆಗಳ ಅಂಚು ನಯವಾಗಿರುತ್ತದೆ, ಲ್ಯಾಪ್‌ಟಾಪ್‌ನಲ್ಲೂ ಸರ್ವರ್‌ನಲ್ಲೂ ಒಂದೇ ತೆರನ ಚಿತ್ರ ಬರುತ್ತದೆ. ಗ್ರಾಫ್ ಬಿಡಿಸುವ ಜಿಜಿಪ್ಲಾಟ್2 ಪ್ಯಾಕೇಜ್ ಬಳಸುವವರಿಗೆ ಇನ್ನೂ ಸುಲಭ: ರ‍್ಯಾಗ್ ಇನ್‌ಸ್ಟಾಲ್ ಆಗಿದ್ದರೆ ಚಿತ್ರ ಉಳಿಸುವ ಜಿಜಿಸೇವ್ ಫಂಕ್ಷನ್ ಪಿಎನ್‌ಜಿಗೆ ತಾನಾಗಿಯೇ ಅದನ್ನು ಬಳಸುತ್ತದೆ.

ಕಷ್ಟವೆಲ್ಲ ಇನ್‌ಸ್ಟಾಲ್ ಮಾಡುವಾಗ. ಸೋರ್ಸ್‌ನಿಂದ ಕಂಪೈಲ್ ಮಾಡಲು ಫ್ರೀಟೈಪ್, ಹಾರ್ಫ್‌ಬಜ್, ಫ್ರಿಬಿಡಿ, ಲಿಬ್‌ಪಿಎನ್‌ಜಿ, ಲಿಬ್‌ಟಿಫ್, ಲಿಬ್‌ಜೆಪೆಗ್ ಮುಂತಾದ ಲೈಬ್ರರಿಗಳ ಡೆವಲಪ್‌ಮೆಂಟ್ ಪ್ಯಾಕೇಜ್‌ಗಳು ಬೇಕು. ಒಂದು ತಪ್ಪಿದರೂ ಉದ್ದನೆಯ ಎರರ್ ಸುರಿಯುತ್ತದೆ. ಡೆಬಿಯನ್, ಉಬುಂಟುಗಳಲ್ಲಿ ಏಪಿಟಿ ಎಂಬ ಇನ್‌ಸ್ಟಾಲ್ ಸಾಧನದಿಂದ ಸಿದ್ಧ ಪ್ಯಾಕೇಜನ್ನೇ ಹಾಕಿಕೊಂಡರೆ ಈ ರಗಳೆ ಇಲ್ಲ.

ಅಳತೆಯಲ್ಲಿ ಎಡವುವವರು ಬಹಳ. ಡೀಫಾಲ್ಟ್ 480×480 ಪಿಕ್ಸೆಲ್, ರೆಸಲ್ಯೂಷನ್ (ಇಂಚಿಗೆ ಎಷ್ಟು ಪಿಕ್ಸೆಲ್ ಎಂಬ ಲೆಕ್ಕ) 72. ಅಗಲವನ್ನು ಮಾತ್ರ 1800ಕ್ಕೆ ಏರಿಸಿದರೆ ಚಿತ್ರ ದೊಡ್ಡದಾಗಿ ಅಕ್ಷರ ಇರುವೆಯಷ್ಟಾಗುತ್ತದೆ. ಅಗಲ 6, ಎತ್ತರ 4, ಯೂನಿಟ್ ಇಂಚು, ರೆಸಲ್ಯೂಷನ್ 300 ಎಂದು ಕೊಡಿ: 1800×1200 ಪಿಕ್ಸೆಲ್ ಸಿಗುತ್ತದೆ, ಅಕ್ಷರವೂ ಹದವಾಗಿರುತ್ತದೆ. ಅಳತೆ ಬದಲಿಸದೆ ಅಕ್ಷರ, ಗೆರೆ ಎಲ್ಲವನ್ನೂ ದಪ್ಪಗಾಗಿಸಲು ಸ್ಕೇಲಿಂಗ್ ಆರ್ಗ್ಯುಮೆಂಟ್ ಇದೆ. ಪೋಸ್ಟರ್ ಮಾಡುವವರಿಗೆ ಇದು ವರ.

ಕನ್ನಡದಲ್ಲಿ ಲೇಬಲ್ ಬರೆಯುವವರು ರ‍್ಯಾಗ್ ಆರಿಸಿಕೊಳ್ಳಲು ಮುಖ್ಯ ಕಾರಣವೇ ಬೇರೆ. ಆರ್‌ನ ಮಾಮೂಲಿ ಪಿಡಿಎಫ್ ಡಿವೈಸ್‌ಗೆ ಕನ್ನಡ ಕೊಟ್ಟರೆ ಅಕ್ಷರಗಳ ಜಾಗದಲ್ಲಿ ಚುಕ್ಕೆಗಳು ಕೂರುತ್ತವೆ. ರ‍್ಯಾಗ್ ಹಾರ್ಫ್‌ಬಜ್ ಮೂಲಕ ಅಕ್ಷರ ಜೋಡಿಸುವುದರಿಂದ 'ಉತ್ಪನ್ನ', 'ಜಿಲ್ಲೆ' ಮುಂತಾದವುಗಳ ಒತ್ತಕ್ಷರ ಸರಿಯಾಗಿ ಕೂರುತ್ತದೆ. ಆದರೆ ಫಾಂಟ್ ಸರ್ವರ್‌ನಲ್ಲೇ ಇರಬೇಕು, ಇಲ್ಲದಿದ್ದರೆ ಬರೀ ಚೌಕಗಳು. ನೋಟೋ ಸಾನ್ಸ್ ಕನ್ನಡ ಅಥವಾ ಲೋಹಿತ್ ಕನ್ನಡ ಹಾಕಿ, ಆರ್ ಸೆಷನ್ ಮತ್ತೆ ತೆರೆಯಿರಿ. ರೂಟ್ ಅನುಮತಿ ಇಲ್ಲದಿದ್ದರೆ ಸಿಸ್ಟಮ್‌ಫಾಂಟ್ಸ್ ಪ್ಯಾಕೇಜ್‌ನ ರಿಜಿಸ್ಟರ್ ಫಾಂಟ್ ಮೂಲಕ ಫಾಂಟ್ ಫೈಲನ್ನು ನೇರ ತೋರಿಸಬಹುದು. ಚೌಕದ ಬದಲು ಯು+0ಸಿ95 ಎಂಬಂಥ ಸಂಕೇತ ಬಂದರೆ ಫಾಂಟ್ ತಪ್ಪಲ್ಲ, ಲೊಕೇಲ್ (ಭಾಷೆ, ಅಕ್ಷರ ಸಂಕೇತಗಳ ಸೆಟ್ಟಿಂಗ್) ತಪ್ಪು. ನಿಗದಿತ ಹೊತ್ತಿಗೆ ಸ್ಕ್ರಿಪ್ಟ್ ಓಡಿಸುವ ಕ್ರಾನ್‌ನಲ್ಲಿ ಓಡುವ ಕೆಲಸಕ್ಕೆ ಲ್ಯಾಂಗ್ ವೇರಿಯಬಲ್ ಸಿಗದೆ, ಇಂಗ್ಲಿಷ್ ಅಕ್ಷರಗಳನ್ನಷ್ಟೇ ಬಲ್ಲ ಸಿ ಲೊಕೇಲ್ ಹಿಡಿಯುವುದುಂಟು. ಅಲ್ಲೇ ಯುಟಿಎಫ್-8 ಲೊಕೇಲ್ ನಮೂದಿಸಿ.

ಫೈಲ್ ಖಾಲಿ ಬಂದರೆ ಎರಡು ಕಡೆ ನೋಡಿ: ಕೊನೆಗೆ ಡಿವೈಸ್ ಮುಚ್ಚುವ ಡೆವ್ ಆಫ್ ಫಂಕ್ಷನ್ ಕರೆದಿದ್ದೀರಾ, ಲೂಪ್ ಅಥವಾ ಫಂಕ್ಷನ್ ಒಳಗಿನ ಜಿಜಿಪ್ಲಾಟ್‌ಗೆ ಪ್ರಿಂಟ್ ಕೊಟ್ಟಿದ್ದೀರಾ.

ಪಿಡಿಎಫ್, ಎಸ್‌ವಿಜಿ ರ‍್ಯಾಗ್‌ನಿಂದ ಆಗುವುದಿಲ್ಲ, ಅದರದ್ದು ಪಿಕ್ಸೆಲ್ ಚಿತ್ರಗಳು ಮಾತ್ರ. ಎಸ್‌ವಿಜಿಗೆ ಎಸ್‌ವಿಜಿಲೈಟ್, ಕನ್ನಡವಿರುವ ಪಿಡಿಎಫ್‌ಗೆ ಕೈರೋ ಪಿಡಿಎಫ್ ಬಳಸಿ.