ನಾಲ್ಕು ವಾರದ ಮರಿಯ ನೋವಿಗೂ ಬೆಲೆ ಕೊಡುವ ಕ್ಲಿನಿಕ್

ನಮ್ಮ ಬೀದಿಯ ನಾಯಿ ಕೆಂಪಿಯ ಮರಿ, ನಾಲ್ಕೇ ವಾರದ್ದು, ಬೈಕ್ ಚಕ್ರಕ್ಕೆ ಸಿಕ್ಕಿ ಮುಂಗಾಲು ಹರಿದುಕೊಂಡಿತ್ತು. ಮೊದಲು ಹೋದ ಕಡೆ ಮರಗಟ್ಟಿಸುವ ಇಂಜೆಕ್ಷನ್ ಕೂಡ ಕೊಡದೆ ಹೊಲಿಗೆ ಹಾಕಲು ಹೊರಟರು. "ಇಷ್ಟು ಚಿಕ್ಕದಕ್ಕೆ ಏನೂ ಗೊತ್ತಾಗಲ್ಲ ಬಿಡಿ" ಅಂದರು. ಮರಿ ಕಿರುಚಿದ್ದು ಕೇಳಿ ಅದನ್ನು ಎತ್ತಿಕೊಂಡು ಸೀದಾ ಇಲ್ಲಿಗೆ ಬಂದೆ.

ಇಲ್ಲಿನ ಡಾಕ್ಟರಮ್ಮ ಮೊದಲು ತೂಕ ನೋಡಿದರು. ಆಮೇಲೆ ನೋವಿಗೆ ಬ್ಯುಟಾರ್ಫನಾಲ್ ಕೊಡ್ತೀನಿ ಅಂದರು. ಅದು ಒಪಿಯಾಯ್ಡ್, ಮಾರ್ಫಿನ್ ಜಾತಿಯ ಔಷಧ ಅಂತ ತಿಳಿದು ನನಗೆ ಭಯವಾಯಿತು. ಇನ್ನೂ ಬೆಳೆಯುತ್ತಿರುವ ಮೆದುಳು ಅಲ್ವಾ? "ಭಯ ಸರಿಯೇ ಮೇಡಂ, ಆದರೆ ನೋವನ್ನು ಹಾಗೇ ಬಿಟ್ಟರೂ ಮೆದುಳಿಗೆ ಏಟೇ" ಅಂದರು.

ಮನೆಗೆ ಬಂದು ಓದಿದೆ, ಅವರ ಮಾತು ನಿಜ. 1999ರಲ್ಲಿ ಮಕ್ಕಳ ವೈದ್ಯ, ಸಂಶೋಧಕ ಕೆ.ಜೆ.ಎಸ್. ಆನಂದ್ ಅವರ ತಂಡ, ಆಗಷ್ಟೇ ಹುಟ್ಟಿದ ಇಲಿಮರಿಗಳ ಪಾದಕ್ಕೆ ಮೊದಲ ವಾರವಿಡೀ ದಿನಕ್ಕೆ 4 ಸಲದವರೆಗೆ ಸೂಜಿ ಚುಚ್ಚಿತ್ತು. ಆ ಮರಿಗಳು ಮುಂದೆ ಬಿಸಿ ತಾಗಿದರೆ ಬೇಗ ಕಾಲೆಳೆದುಕೊಂಡವು, ದೊಡ್ಡವಾದ ಮೇಲೂ ಹೊಸ ಜಾಗಕ್ಕೆ ಕಾಲಿಡಲು ಅಂಜಿದವು. 2008ರಲ್ಲಿ ಅಮೆರಿಕದ ಅಟ್ಲಾಂಟಾದ ಇನ್ನೊಂದು ತಂಡ, ಇಲಿಮರಿಗಳ ಪಾದದಲ್ಲಿ ಉರಿಯೂತ ತರಿಸುವ ಮೊದಲೇ ಮಾರ್ಫಿನ್ ಕೊಟ್ಟಾಗ ಇಂಥ ತೊಂದರೆ ಬಹಳಷ್ಟು ತಪ್ಪಿತು. ಆದರೆ ನೋವೇ ಇಲ್ಲದ ಇಲಿಮರಿಗೆ ಅದೇ ಮಾರ್ಫಿನ್ ಕೊಟ್ಟಾಗ ಕೆಟ್ಟದ್ದೇ ಆಯಿತು! ನೋವಿದ್ದಾಗ ಕೊಡಬೇಕು, ಬೇಕಾದಷ್ಟೇ ಕೊಡಬೇಕು. ಈ ಡಾಕ್ಟರಮ್ಮ ಮಾಡಿದ್ದೂ ಅಷ್ಟೇ. ಮರಗಟ್ಟಿಸಿ ಹೊಲಿಗೆ ಹಾಕಿದರು, ಸಂಜೆವರೆಗೆ ಉಸಿರಾಟ ನೋಡುತ್ತಾ ಇದ್ದರು, ಮಾರನೇ ದಿನ ಮರಿ ಆರಾಮಾಗಿ ಹಾಲು ಕುಡಿಯೋದು ನೋಡಿ ಆ ಔಷಧ ನಿಲ್ಲಿಸಿದರು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು, ಕೆಂಪಿಯನ್ನೂ ಒಳಗೆ ಬಿಟ್ಟಿದ್ದು. ತಾಯಿ ಹೆಚ್ಚು ನೆಕ್ಕಿ ಸಾಕಿದ ಇಲಿಮರಿಗಳು ದೊಡ್ಡವಾದ ಮೇಲೆ ಒತ್ತಡವನ್ನು ಚೆನ್ನಾಗಿ ತಡೆದುಕೊಳ್ಳುತ್ತವೆ ಅಂತ 1997ರಲ್ಲೇ ಕೆನಡಾದ ಮಾಂಟ್ರಿಯಲ್‌ನ ವಿಜ್ಞಾನಿ ಮೈಕೆಲ್ ಮೀನಿ ಅವರ ತಂಡ ತೋರಿಸಿತ್ತು. ಇಲ್ಲಿ ಕೆಂಪಿ ಮೇಜಿನ ಕೆಳಗೆ ಗೋಣಿಚೀಲದ ಮೇಲೆ ಮಲಗಿ ಮರಿಯನ್ನು ನೆಕ್ಕುತ್ತಲೇ ಇದ್ದಳು, ಯಾರೂ ಎಬ್ಬಿಸಲಿಲ್ಲ.

ಸಂಜೆ ಹೋದರೆ ಒಂದೂವರೆ ಗಂಟೆ ಕಾಯಬೇಕು, ಫೋನೂ ಎತ್ತಲ್ಲ. ಅದು ಸರಿಹೋಗಬೇಕು. ಬಿಲ್ 1,850 ರೂಪಾಯಿ ಆಯಿತು, ಯಾವ ಔಷಧ ಎಷ್ಟು ಅಂತ ಬರೆದೇ ಕೊಟ್ಟರು. ಮರಿ ಚಿಕ್ಕದಾಗಿದ್ದರೆ ಬೆಳಗ್ಗೆಯೇ ಹೋಗಿ, ತಾಯಿಯನ್ನೂ ಕರೆದುಕೊಂಡು ಹೋಗಿ.